ಮಗನ ಕೈಗೆ ಕೋವಿ ಬರೋ ಮುಂಚೆ ಏನು ಬರಬೇಕು?

ಕಾಫಿಹೂ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮದು ವಿರಾಜಪೇಟೆ ಕಡೆ ಒಂದು ಹಳ್ಳಿ. ಈಗ ಬೆಂಗಳೂರಲ್ಲಿದ್ದೀವಿ. ಮಗನಿಗೆ 11 ವರ್ಷ. ಸೆಪ್ಟೆಂಬರ್ 3ಕ್ಕೆ ಕೈಲ್ ಪೊಳ್ದ್ (ಕೊಡವರ ಆಯುಧಪೂಜೆ ಹಬ್ಬ), ಈ ಸಲ ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ಎಲ್ಲರೂ ಸೇರ್ತಿದ್ದೀವಿ. ಮೊನ್ನೆ ಫೋನಲ್ಲಿ ನಮ್ಮಪ್ಪ "ಹುಡುಗನಿಗೆ ಈ ವರ್ಷ ತೆಂಗಿನಕಾಯಿಗೆ ಗುಂಡು ಹೊಡೆಯೋದು ಕಲಿಸ್ತೀನಿ" ಅಂದುಬಿಟ್ರು. ಅವತ್ತಿಂದ ಮಗ ನೆಲದ ಮೇಲೆ ನಿಲ್ತಿಲ್ಲ. ಅವನು ಕೇಳಿದ ಮೊದಲ ಪ್ರಶ್ನೆ, "ಹಂದಿ ಯಾವಾಗ ಹೊಡೆಯೋದು?"

ಅದನ್ನ ಕೇಳಿ ನನಗೆ ಕಸಿವಿಸಿ ಆಯ್ತು. ಮೊಬೈಲ್ ಗೇಮಲ್ಲಿ ಸಂಜೆ ಪೂರ್ತಿ ಜನರನ್ನ ಹೊಡೆದುರುಳಿಸಿ, ಎದ್ದು ಹೋಗಿ ಊಟಕ್ಕೆ ಕೂರೋ ಹುಡುಗ ಅವನು. ಅಲ್ಲಿ ಸತ್ತವರು ಮುಂದಿನ ಆಟಕ್ಕೆ ಎದ್ದು ಬರ್ತಾರೆ.

ನಾನು ಕಲಿತದ್ದು ಬೇರೆ ಥರ. ರಾತ್ರಿ ಗದ್ದೆ ಕಾಯೋಕೆ ತಾತ ಹೋಗುವಾಗ ಜೊತೆಗೆ ಕರ್ಕೊಂಡು ಹೋಗ್ತಿದ್ರು. ಎರಡು ವರ್ಷ ಬರೀ ಟಾರ್ಚು ಹಿಡಿದೆ, ತೋಟಾ ಚೀಲ ಹೊತ್ತೆ. ಕೋವಿ ಮುಟ್ಟೋಕೆ ಬಿಡಲಿಲ್ಲ. ಹಂದಿ ಬಂದ್ರೆ ಗಾಳಿಗೆ ಒಂದು ಈಡು, ಅಷ್ಟೇ. ಆದ್ರೆ ತಾತ ಬೇಲಿ ದಾಟೋ ಮುಂಚೆ ಪ್ರತೀ ಸಲ ಕೋವಿ ಮುರಿದು (ಅಂದ್ರೆ ನಳಿಗೆ ಬಗ್ಗಿಸಿ ಬಿಚ್ಚಿ) ತೋಟಾ ಹೊರಗೆ ತೆಗೆಯೋರು. ಕತ್ತಲಲ್ಲಿ ಆ 'ಟಕ್' ಶಬ್ದ ಕೇಳಿಸದೆ ನಾನು ಬೇಲಿಗೆ ಕಾಲಿಡ್ತಾ ಇರಲಿಲ್ಲ. ಯಾರೂ ಪಾಠ ಮಾಡಲಿಲ್ಲ, ಮೈಗೆ ಹತ್ತಿತು.

ಬೇಟೆ ಈಗ ಇಲ್ಲ, ಮಾಡಬಾರದು, ಅದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ಪ್ರಶ್ನೆ ಇಷ್ಟು: ಬೇಟೆ ಜೊತೆಗೇ ಬರ್ತಿದ್ದ ಶಿಸ್ತು, ಕಾಯೋ ತಾಳ್ಮೆ, ಪ್ರಾಣಿ ಮೇಲಿನ ಮರ್ಯಾದೆ, ಇದನ್ನೆಲ್ಲ ಬೇಟೆ ಇಲ್ಲದೆ ಮಕ್ಕಳಿಗೆ ಹೇಗೆ ದಾಟಿಸೋದು? ಹೆಂಡತಿ 18 ಆಗೋವರೆಗೆ ಕೋವಿ ಹತ್ರಾನೂ ಸುಳಿಯೋದು ಬೇಡ ಅಂತಾಳೆ. ಅಪ್ಪ "ಹಾಗೆ ಬೆಳೆಸಿದ್ರೆ ಕದ್ದು ಮುಟ್ತಾನೆ" ಅಂತಾರೆ. ನನಗೆ ಇಬ್ಬರ ಮಾತೂ ಸರಿ ಅನ್ಸತ್ತೆ.

ತುಂಬೆಗಿಡ:
ಮಕ್ಕಳಿಗೆ ಬಂದೂಕು ಯಾಕೆ ಬೇಕು ಅಂತಲೇ ಅರ್ಥ ಆಗಲ್ಲ. ಗೌರವ ಕಲಿಸೋಕೆ ನೂರು ದಾರಿ ಇದೆ. ಕೊಲ್ಲೋ ಸಾಮಾನು ಕೈಗೆ ಕೊಟ್ಟು ಜೀವದ ಬೆಲೆ ಹೇಳ್ತೀವಿ ಅನ್ನೋದು ನನಗೆ ಒಪ್ಪಿಗೆ ಇಲ್ಲ.

ಪೊನ್ನಂಪೇಟೆಯವಳು:
@ತುಂಬೆಗಿಡ ನಮ್ಮಲ್ಲಿ ಕೋವಿ ಅಂದ್ರೆ ಬರೀ ಕೊಲ್ಲೋ ಸಾಮಾನು ಅಲ್ಲ. ಗಂಡು ಮಗು ಹುಟ್ಟಿದ್ರೆ ಒಂದು ಗುಂಡು, ಮನೇಲಿ ಸಾವಾದ್ರೆ ಎರಡು ಗುಂಡು. ಪುತ್ತರಿ ಸುಗ್ಗಿ ಹಬ್ಬದಲ್ಲಿ ಕದಿರು ಕೊಯ್ಯುವಾಗ ಒಂದು ಗುಂಡು. ಹಿಂದೆ ಹುಟ್ಟಿದ ಗಂಡು ಮಗುವಿನ ಕೈಗೆ ಔಡಲ ಕಡ್ಡಿಯ ಪುಟ್ಟ ಬಿಲ್ಲು ಬಾಣ ಮುಟ್ಟಿಸ್ತಿದ್ರು. ನಾಟಿ ಕೆಲಸದ ತಿಂಗಳುಗಳಲ್ಲಿ ಕೋವಿ, ಕತ್ತಿ ಎಲ್ಲ ಕನ್ನಿಕೊಂಬರೆಯಲ್ಲಿ (ದೇವರ ಕೋಣೆ) ಇಟ್ಟುಬಿಡೋರು, ಮುಟ್ಟೋ ಹಾಗಿಲ್ಲ. ನಾಟಿ ಮುಗಿದ ಮೇಲೆ ಕೈಲ್ ಪೊಳ್ದ್‌ಗೆ ಹೊರಗೆ ತಂದು, ಒರೆಸಿ, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ, ಗಂಧ ಹಚ್ಚಿ, ದೀಪದ ಮುಂದೆ ಇಟ್ಟು ಕೈ ಮುಗಿದು ಆಮೇಲೆ ಹೆಗಲಿಗೆ. ಯಾವಾಗ ಮುಟ್ಟಬಾರದು ಅನ್ನೋದೇ ಮೊದಲ ಪಾಠ ಆಗಿತ್ತು. ಅದನ್ನ ಯಾರೂ ಹೇಳಲ್ಲ, ಗುಂಡು ಹೊಡೆಯೋ ಫೋಟೋ ಮಾತ್ರ ಎಲ್ಲರೂ ಹಾಕ್ತಾರೆ.

ಇನ್ನೊಂದು. @ಕಾಫಿಹೂ, ಮಗನಿಗೆ ಮಾತ್ರ ಯಾಕೆ? ಮನೇಲಿ ಹೆಣ್ಣು ಮಕ್ಕಳಿಲ್ವಾ? ನಮ್ಮೂರ ಮಂದ್‌ನಲ್ಲಿ (ಊರ ಮೈದಾನ) ಹೋದ ವರ್ಷ ತೇಂಗೆ ಬೊಡಿಯಲ್ಲಿ (ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯ) ಕಾಯಿ ಒಡೆದವಳು ನನ್ನ ಅತ್ತಿಗೆ.

ಕಾಫಿಹೂ:
ಅಣ್ಣನ ಮಗಳಿದ್ದಾಳೆ, 14. ಅವಳಿಗೂ ಆಸೆ ಇದೆ. ನೀವು ಹೇಳಿದ್ದು ನ್ಯಾಯ, ಇಬ್ಬರನ್ನೂ ಕೂರಿಸ್ತೀನಿ.

ಮಲೆಗಾಳಿ:
ಕೊಡವರಿಗೆ ಲೈಸೆನ್ಸೇ ಬೇಡ, ಬೇಟೆಗೂ ಪರ್ಮಿಷನ್ ಇದೆ ಅಲ್ವಾ? ಮತ್ತೆ ಯಾಕೆ ಇಷ್ಟು ತಲೆಬಿಸಿ.

ಕಪ್ಪುಕೋಟು:
@ಮಲೆಗಾಳಿ ತಪ್ಪು. ಇದನ್ನ ಎಷ್ಟು ಸಲ ಹೇಳಿದರೂ ಜನ ಬಿಡಲ್ಲ. ವಿನಾಯಿತಿ ಇರೋದು ಶಸ್ತ್ರಾಸ್ತ್ರ ಕಾಯ್ದೆ 1959ರ ಕೆಳಗೆ, ಕೋವಿ ಇಟ್ಟುಕೊಳ್ಳೋ ಲೈಸೆನ್ಸಿಗೆ ಮಾತ್ರ. ಕೊಡವರಿಗೂ ಇದೆ, ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರ ತನಕ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಬೇಟೆಗೂ ಅದಕ್ಕೂ ಸಂಬಂಧವೇ ಇಲ್ಲ. ಬೇಟೆ ನಿಷೇಧ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. ಅದರಲ್ಲಿ ಕೊಡವರಿಗಾಗಲಿ ಕೊಡಗಿಗಾಗಲಿ ರಿಯಾಯಿತಿ ಇಲ್ಲ. ಹಂದಿ, ಮೊಲ ಎಲ್ಲ ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿವೆ. 2022ರ ತಿದ್ದುಪಡಿಯಾದ ಮೇಲೆ ದಂಡದ ಮಿತಿ 25 ಸಾವಿರದಿಂದ 1 ಲಕ್ಷಕ್ಕೆ ಏರಿದೆ, ಜೈಲು 3 ವರ್ಷದವರೆಗೆ. ಮೊದಲ ಪಟ್ಟಿಯ, ಅಂದರೆ ಹೆಚ್ಚಿನ ರಕ್ಷಣೆ ಇರೋ ಪ್ರಾಣಿ ಆದರೆ ಕನಿಷ್ಠವೇ 3 ವರ್ಷ, 7ರ ತನಕ ಹೋಗಬಹುದು.

@ಕಾಫಿಹೂ ನಿಮ್ಮ ಮಗನ ವಿಷಯ ನೇರವಾಗಿ ಹೇಳ್ತೀನಿ. 21 ತುಂಬದವರು ಬಂದೂಕು ಹೊಂದೋ ಹಾಗಿಲ್ಲ ಅನ್ನೋದು ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಂ. ತರಬೇತಿಗೆ ಅಂತ, ಮೇಲೊಬ್ಬರು ನಿಂತು ಕಲಿಸೋಕೆ ನಿಯಮದಲ್ಲಿ ಅವಕಾಶ ಇರೋದು 12ರಿಂದ. 11ರ ಹುಡುಗನ ಕೈಗೆ ತೋಟಾ ತುಂಬಿದ ಕೋವಿ ಬೇಡ. ತಾತನಿಗೆ ಬೇಜಾರಾದರೂ ಪರವಾಗಿಲ್ಲ.

ಪೊನ್ನಂಪೇಟೆಯವಳು:
ತಲೆತಲಾಂತರದಿಂದ ಅಪ್ಪನ ಕೈ ಮಗುವಿನ ಕೈ ಮೇಲೆ ಇಟ್ಟು ಹೊಡೆಸಿದ್ದಾರೆ. ಯಾರಿಗೆ ಏನಾಗಿದೆ?

ಕಪ್ಪುಕೋಟು:
ಆದವರ ಮನೆಯವರು ಇಲ್ಲಿ ಬರೆಯೋಕೆ ಬರಲ್ಲ ಮೇಡಂ.

ಹೆಬ್ಬಲಸು:
ನಾನು ಬರೆದೆ, ಇಗೋ. ನಮ್ಮ ದೊಡ್ಡಪ್ಪ, ಮೂಡಿಗೆರೆ ಕಡೆ. ಕೇಪಿನ ಕೋವಿ (ನಳಿಗೆ ಬಾಯಿಂದ ಮದ್ದು ತುಂಬೋದು). ಮದ್ದು ಅಳತೆ ಇಲ್ಲದೆ ತುಂಬಿದ್ದು, ನಳಿಗೆ ಒಡೆದು ಎಡಗೈಯ ಎರಡು ಬೆರಳು ಹೋಯ್ತು. ಆಗ ಅವರಿಗೆ 17. ಮದ್ದು ತುಂಬಿದವನು 13 ವರ್ಷದ ತಮ್ಮ, ಅಂದ್ರೆ ನಮ್ಮಪ್ಪ. ಅಪ್ಪನಿಗೆ ಈಗ 70 ದಾಟಿದೆ, ಇವತ್ತಿಗೂ ದೊಡ್ಡಪ್ಪ ಊಟಕ್ಕೆ ಕೂತಾಗ ಅವರ ಎಡಗೈ ಕಡೆ ನೋಡಲ್ಲ. ದೊಡ್ಡಪ್ಪ ಒಂದು ದಿನವೂ ಬೈದಿಲ್ಲ. ಕಲಿಸಬೇಕಾದವರು ಸರಿಯಾಗಿ ಕಲಿಸದೆ, ಬರೀ ನೋಡಿ ಕಲಿತದ್ದರ ಫಲ ಅದು. ಹಾಗಾಗಿ ನಾನು ಅತ್ತಿಗೆಯವರ (ಕಾಫಿಹೂ ಹೆಂಡತಿ) ಮಾತೂ ಪೂರ್ತಿ ಒಪ್ಪಲ್ಲ. ಮನೇಲಿ ಕೋವಿ ಇದ್ರೆ ಮಗುವಿಗೆ ಅದರ ಬಗ್ಗೆ ಗೊತ್ತಿರಲೇಬೇಕು.

ಕಾಫಿಹೂ:
@ಹೆಬ್ಬಲಸು ಇದನ್ನ ಹೆಂಡತಿಗೂ ಅಪ್ಪನಿಗೂ ಓದಿ ಹೇಳಿದೆ. ಇಬ್ಬರೂ ಸುಮ್ಮನಾದ್ರು.

ಮಿನ್ನೆಸೋಟ ಮಾವ:
ನಾನು ಶಿವಮೊಗ್ಗದವನು, ಅಮೆರಿಕದ ಮಿನ್ನೆಸೋಟಕ್ಕೆ ಬಂದು 20 ವರ್ಷ ಆಯ್ತು. ಇಲ್ಲಿ ಕಾನೂನು ಪ್ರಕಾರವೇ ಜಿಂಕೆ ಬೇಟೆ ಇದೆ, ಮಗಳನ್ನ ಕರ್ಕೊಂಡು ಹೋಗಿದ್ದೀನಿ. ಅನುಭವ ಹೇಳ್ತೀನಿ, ಹೋಲಿಕೆಗೆ ಅಲ್ಲ.

ಮಿನ್ನೆಸೋಟದಲ್ಲಿ 1979ರ ನಂತರ ಹುಟ್ಟಿದವರು ಸಾಮಾನ್ಯವಾಗಿ ಬಂದೂಕು ಸುರಕ್ಷತೆಯ ಸರ್ಟಿಫಿಕೇಟ್ ಇಲ್ಲದೆ ಬೇಟೆ ಲೈಸೆನ್ಸ್ ಕೇಳೋ ಹಾಗಿಲ್ಲ. ಮಕ್ಕಳು 11ಕ್ಕೆ ಕ್ಲಾಸಿಗೆ ಸೇರಬಹುದು, ಸರ್ಟಿಫಿಕೇಟ್ ಚಾಲ್ತಿಗೆ ಬರೋದು 12 ತುಂಬಿದ ಮೇಲೆ. ಕಲಿಸೋರು ಊರಿನ ಹಿರಿಯರು, ಸಂಬಳ ಇಲ್ಲದೆ ಬರ್ತಾರೆ. ಎಲ್ಲ ಕೋವಿಯೂ ತುಂಬಿದೆ ಅಂತಲೇ ತಿಳಿ. ನಳಿಗೆ ಯಾರ ಕಡೆಗೂ ತಿರುಗಿಸಬೇಡ. ಹೊಡೆಯೋ ಕ್ಷಣದ ತನಕ ಬೆರಳು ಕುದುರೆ (ಟ್ರಿಗರ್) ಮೇಲೆ ಬೇಡ. ಗುರಿ ಯಾವುದು, ಅದರ ಹಿಂದೆ ಏನಿದೆ, ಎರಡನ್ನೂ ನೋಡು. ಈ ನಾಲ್ಕನ್ನ ಬಾಯಿಪಾಠ ಅಲ್ಲ, ಕೈಪಾಠ ಮಾಡಿಸ್ತಾರೆ. ಮಜಾ ಅಂದ್ರೆ ಪರೀಕ್ಷೆಯಲ್ಲಿ ಬೇಲಿ ದಾಟೋದೂ ಇದೆ! ಕಾಫಿಹೂ ತಾತ ಮಾಡಿದ್ದೇ.

ಮಗಳಿಗೆ 13 ಇದ್ದಾಗ ಅಕ್ಟೋಬರಿನ ಮಕ್ಕಳ ಜಿಂಕೆ ಬೇಟೆಗೆ ಹೋದ್ವಿ. ಮೊದಲ ದಿನ ಒಂಬತ್ತು ಗಂಟೆ ಕಾಲ ಅಟ್ಟಣೆ ಮೇಲೆ ಕೂತು ಬರಿಗೈಯಲ್ಲಿ ವಾಪಸ್. ಎರಡನೇ ದಿನ ಒಂದು ಹೆಣ್ಣು ಜಿಂಕೆ ಬಂತು, ಅಡ್ಡ ಒಂದು ಕೊಂಬೆ ಇತ್ತು, ಅವಳು ಹೊಡೆಯಲಿಲ್ಲ. ಮೂರನೇ ದಿನ ಹೊಡೆದಳು. ಚಳಿಯಲ್ಲಿ ಅದರ ಹೊಟ್ಟೆ ಸೀಳಿದಾಗ ಒಳಗಿಂದ ಹಬೆ ಎದ್ದಿತು. ಅವಳ ಕನ್ನಡಕ ಮಂಜಾಗಿ ಏನೂ ಕಾಣಿಸಲಿಲ್ಲ. ಕನ್ನಡಕ ತೆಗೆದು ಒರೆಸ್ತಾ ಅಳೋಕೆ ಶುರು ಮಾಡಿದಳು. ನಾನು ಸಮಾಧಾನ ಮಾಡೋಕೆ ಹೋಗಲಿಲ್ಲ. ಅತ್ತು, ಮೂಗು ಒರೆಸಿಕೊಂಡು, ಅವಳೇ ಜಿಂಕೆಗೆ ಲೈಸೆನ್ಸಿನ ಟ್ಯಾಗ್ ಕಟ್ಟಿದಳು. ಆ ಚಳಿಗಾಲ ಪೂರ್ತಿ ಮನೇಲಿ ಒಂದು ತುಂಡು ಮಾಂಸ ತಟ್ಟೆಯಲ್ಲಿ ಉಳಿಸೋಕೆ ಯಾರಿಗೂ ಬಿಡಲಿಲ್ಲ.

ತುಂಬೆಗಿಡ:
13 ವರ್ಷದ ಹುಡುಗಿ ಅತ್ತಳು ಅಂತ ಹೆಮ್ಮೆಯಿಂದ ಬರೀತಿದ್ದೀರಲ್ಲ. ಆ ಅಳು ಬರಬಾರದು ಅಂತಲೇ ನಾನು ಹೇಳ್ತಿರೋದು.

ಮಿನ್ನೆಸೋಟ ಮಾವ:
ಅಳು ಬರಲಿಲ್ಲ ಅಂದಿದ್ರೆ ನಾನು ಮುಂದಿನ ವರ್ಷ ಅವಳನ್ನ ಕರ್ಕೊಂಡು ಹೋಗ್ತಾ ಇರಲಿಲ್ಲ. ಮನಸ್ಸಿಂದ ಹೇಳ್ತಿದ್ದೀನಿ.

ಹಕ್ಕಿಲೋಕ:
ಮಿನ್ನೆಸೋಟದ ಲೆಕ್ಕ ಇಲ್ಲಿಗೆ ಹಾಕಬೇಡಿ ಪ್ಲೀಸ್. ಅಲ್ಲಿ ಎಷ್ಟು ಜಿಂಕೆ ಇವೆ ಅಂತ ಅಂದಾಜು ಮಾಡಿ, ಎಷ್ಟು ಹೊಡೀಬಹುದು ಅಂತ ಹೇಳ್ತಾರೆ.

ಮಿನ್ನೆಸೋಟ ಮಾವ:
ಹೌದು, ಒಪ್ತೀನಿ. ದುಡ್ಡಿನ ವ್ಯವಸ್ಥೆಯೂ ಬೇರೆ. 1937ರಿಂದ ಬಂದೂಕು, ತೋಟಾ ಮೇಲಿನ ತೆರಿಗೆ (ಉದ್ದ ಕೋವಿಗೆ, ತೋಟಾಕ್ಕೆ 11%) ನೇರ ವನ್ಯಜೀವಿ ರಕ್ಷಣೆಗೆ ಹೋಗತ್ತೆ. ಅದಕ್ಕೇ ಹೋಲಿಕೆಗೆ ಅಲ್ಲ ಅಂತ ಮೊದಲೇ ಬರೆದೆ.

ಹಳೇ ಈಡುಗಾರ:
ಮಿನ್ನೆಸೋಟ ಮಾವನ ನಾಲ್ಕನೇ ನಿಯಮ, ಗುರಿಯ ಹಿಂದೆ ಏನಿದೆ ನೋಡು ಅನ್ನೋದು, ಓದಿ ಬೆಳಗ್ಗೆಯಿಂದ ಒಂದು ರಾತ್ರಿ ನೆನಪಾಗ್ತಿದೆ. ಬರೆಯಲೇಬೇಕು ಅನ್ನಿಸಿತು.

ಕೊಪ್ಪ ಸೀಮೆ, 1970ರ ಸುಮಾರು. ನನಗೆ ಹತ್ತು ವರ್ಷ. ಆಗ ಕಾಯ್ದೆ ಬಂದಿರಲಿಲ್ಲ. ಅಜ್ಜ ಮರಸು ಕೂರೋಕೆ (ಮರದ ಮೇಲೆ ಅಡಗಿ ಪ್ರಾಣಿ ಕಾಯೋಕೆ) ಹೊರಟಾಗ ನನ್ನನ್ನೂ ಕರೆದರು. ಹಲಸಿನ ಮರದ ಮೇಲೆ ಅಡಿಕೆ ದಬ್ಬೆ ಕಟ್ಟಿದ ಅಟ್ಟಣೆ. ಕೆಮ್ಮೋ ಹಾಗಿಲ್ಲ, ಸೊಳ್ಳೆ ಕಚ್ಚಿದರೆ ಹೊಡೆಯೋ ಹಾಗಿಲ್ಲ, ಬೀಡಿ ಇಲ್ಲ. ಅಜ್ಜನಿಗೆ ಬೀಡಿ ಇಲ್ಲದೆ ಅರ್ಧ ಗಂಟೆ ಆಗ್ತಿರಲಿಲ್ಲ, ಅವತ್ತು ನಾಲ್ಕು ಗಂಟೆ ಕೂತರು. ಕೆಳಗೆ ಬಿದ್ದ ಹಲಸಿನ ಹಣ್ಣಿನ ವಾಸನೆ. ಹಂದಿ ಬಂತು, ಒಂಟಿಗ. ಹಣ್ಣು ಅಗಿಯೋ ಸದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ಬೆಳದಿಂಗಳು ಚೆನ್ನಾಗಿತ್ತು. ಅಜ್ಜ ಕೋವಿ ಎತ್ತಿದರು. ನಾನು ಕಿವಿ ಮುಚ್ಚಿಕೊಂಡೆ. ಈಡು ಬರಲೇ ಇಲ್ಲ. ಕಣ್ಣು ಬಿಟ್ಟು ನೋಡಿದರೆ ಕೋವಿ ಇಳಿಸಿದ್ದಾರೆ. ಹಂದಿ ತಿಂದು ಮುಗಿಸಿ ಹೋಯ್ತು.

ಕೆಳಗೆ ಇಳಿದ ಮೇಲೆ ಕೈ ತೋರಿಸಿದರು. ಹಂದಿ ನಿಂತಿದ್ದ ಜಾಗದ ಹಿಂದೆ, ಹಳ್ಳದ ಆಚೆ, ನಮ್ಮ ತೋಟದಾಳುಗಳ ಗುಡಿಸಲಿನ ಬುಡ್ಡಿದೀಪ. ದಿನಾ ಆರಿಸಿ ಮಲಗೋ ದೀಪ ಅವತ್ತು ಉರೀತಾ ಇತ್ತು. "ಗುಂಡಿಗೆ ಹಂದಿ ಯಾವುದು ಮನೆ ಯಾವುದು ಗೊತ್ತಾಗಲ್ಲ ಮಾಣಿ, ನಮಗೆ ಗೊತ್ತಿರಬೇಕು" ಅಂದರು. ಮರುದಿನ ಗೊತ್ತಾಯ್ತು, ಆ ಮನೆಯಲ್ಲಿ ಹೆರಿಗೆಯಾಗಿತ್ತು.

ಅಜ್ಜ ಹೊಡೆದ ಹಂದಿಗಳು ಎಷ್ಟೋ ಇದ್ದಾವು, ಒಂದೂ ನೆನಪಿಲ್ಲ. ಹೊಡೆಯದೆ ಬಿಟ್ಟ ಈ ಒಂದು ಮಾತ್ರ ನೆನಪಿದೆ.

ಹೆಬ್ಬಲಸು:
ಕೈ ಮುಗಿದೆ ಸರ್.

ಪೊನ್ನಂಪೇಟೆಯವಳು:
ಇದನ್ನ ನನ್ನ ಮಕ್ಕಳಿಗೆ ಓದಿ ಹೇಳ್ತೀನಿ.

ಮಲೆಗಾಳಿ:
ಪಾಲಿನ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಹಿರಿಯರು ಹೇಳೋ ಪ್ರಕಾರ ಈಡು ಹೊಡೆದವನಿಗೆ ಹೆಚ್ಚಿನ ಪಾಲು ಸರಿ, ಆದ್ರೆ ಹಳು ನುಗ್ಗಿ ಸೋವಿದವರಿಗೂ (ಪೊದೆಯಿಂದ ಪ್ರಾಣಿ ಎಬ್ಬಿಸಿ ಓಡಿಸಿದವರು) ಪಾಲು, ನಾಯಿಗೂ ಪಾಲು, ಬರಲಾಗದ ಮುದುಕರ ಮನೆಗೂ ಒಂದು ತುಂಡು. ಸೋವಿಗೆ ಹೋದ ಹುಡುಗನಿಗೂ ದೊಡ್ಡವರಷ್ಟೇ ಪಾಲು ಸಿಗ್ತಿತ್ತಂತೆ. ಮಕ್ಕಳಿಗೆ ಅದು ದೊಡ್ಡ ಪಾಠ.

ಬಯಲುಸೀಮಿ ಹುಡುಗ:
ಎಲ್ಲಾರೂ ಬೇಟೆ ಅಂದ್ರ ಶಿಸ್ತು, ಮರ್ಯಾದಿ ಅಂತ ಬರ್ಯಾಕತ್ತೀರಿ. ನಮ್ಮ ಕೊಪ್ಪಳ ಕಡೆ ಬಂದು ನೋಡ್ರಿ ಒಮ್ಮೆ. ಯುಗಾದಿ ಮುಂದ ಮೊಲದ ಬ್ಯಾಟಿ ಅಂತ ಊರಿಗೆ ಊರ ಹೊಂಡತೈತಿ. ಮಂದಿ ಬಡಿಗಿ ಹಿಡ್ಕೊಂಡು, ನಾಯಿ ಬಿಟ್ಕೊಂಡು. ನಾನೂ ಸಣ್ಣಾವಿದ್ದಾಗ ಹೋಗೇನಿ. ಒಂದು ಮೊಲಕ್ಕ ನಲವತ್ತು ಮಂದಿ. ಅದು ಬಿದ್ದ ಮ್ಯಾಲೂ ಬಡೀತಾನ ಇದ್ರು. ಅದರ ಕಣ್ಣು ತೆರೆದೇ ಇತ್ತು, ಮೀಸಿ ಮ್ಯಾಲ ಮಣ್ಣ ಹತ್ತಿತ್ತು. ನಾನೂ ಒಂದು ಏಟು ಹಾಕೀನಿ, ಎಲ್ಲಾರೂ ಹಾಕ್ತಾರ ಅಂತ. ಆ ಏಟು ನನಗ ಇನ್ನೂ ಕಾಡತೈತಿ. ಈಗಂತೂ ಬಡಿಗಿಗೆ ಕಟ್ಟಿ ಮೆರವಣಿಗಿ, ರೀಲ್ಸು. ಅಲ್ಲಿ ಹುಡುಗರು ಏನ ಕಲೀತಾರ್ರಿ? ಗುಂಪಿನ್ಯಾಗ ಇದ್ರ ಏನ ಮಾಡಿದ್ರೂ ನಡೀತೈತಿ ಅನ್ನೂದು.

ಸಂಪ್ರದಾಯ ಅನ್ನೂ ಮಾತು ಅಂದ್ರ ನನಗ ಅಂಜಿಕಿ ಬರತೈತಿ ಅದಕ್ಕ.

ಹಳೇ ಈಡುಗಾರ:
@ಬಯಲುಸೀಮಿ ಹುಡುಗ ನೀವು ಹೇಳಿದ್ದು ನಿಜ, ನಮ್ಮ ಕಡೆಯೂ ಎಲ್ಲ ಅಜ್ಜಂದಿರೂ ನನ್ನಜ್ಜನ ಹಾಗಿರಲಿಲ್ಲ. ಉರುಳು ಹಾಕುವವರಿದ್ದರು, ಸಿಡಿಮದ್ದು ಇಡುವವರಿದ್ದರು. ಹಂದಿಗೆ ಹಾಕಿದ ಉರುಳಿಗೆ ಚಿರತೆ ಬಿದ್ದು ಒದ್ದಾಡಿದ್ದನ್ನ ನೋಡಿದ್ದೇನೆ. ಉರುಳು ಹಾಕಿದವನು ಮನೇಲಿ ಮಲಗಿರ್ತಾನೆ. ಏನು ಬಿತ್ತು, ಎಷ್ಟು ಹೊತ್ತು ನರಳಿತು ಅವನಿಗೆ ಗೊತ್ತಿಲ್ಲ.

ದುರ್ಗದ ಕಲ್ಲು:
ನಮ್ಮ ಚಿತ್ರದುರ್ಗ ಜಿಲ್ಲೆಯ ಕೆಲವು ಕಡೆ ಸಂಕ್ರಾಂತಿಗೆ ಮೊಲ ಹಿಡಿದು, ಪೂಜೆ ಮಾಡಿ, ಮತ್ತೆ ಬಿಟ್ಟುಬಿಡೋ ಪದ್ಧತಿ ಇದೆ. ಓಡೋದು, ಹುಡುಕೋದು, ಹಿಡಿಯೋದು ಎಲ್ಲ ಇದೆ. ಕೊಲ್ಲೋದು ಮಾತ್ರ ಇಲ್ಲ.

ಕಪ್ಪುಕೋಟು:
ಹಿಡಿಯೋದೂ ಕಾಯ್ದೆಯ ಪ್ರಕಾರ 'ಬೇಟೆ'ಯೇ. ಕಾಯ್ದೆಯ ವ್ಯಾಖ್ಯೆ ಓದಿ: ಕೊಲ್ಲೋದು, ವಿಷ ಇಡೋದು, ಹಿಡಿಯೋದು, ಬಲೆಗೆ ಬೀಳಿಸೋದು, ಅದಕ್ಕೆ ಪ್ರಯತ್ನಿಸೋದು ಎಲ್ಲವೂ ಸೇರಿದೆ.

ದುರ್ಗದ ಕಲ್ಲು:
ಗೊತ್ತಿರಲಿಲ್ಲ. ಥ್ಯಾಂಕ್ಸ್.

ಮಲೆಗಾಳಿ:
@ಬಯಲುಸೀಮಿ ಹುಡುಗ ನಾಯಿ ಅಂದ್ರಲ್ಲ, ಮುಧೋಳ ನಾಯಿನಾ? ಮರಿ ಎಲ್ಲಿ ಸಿಗತ್ತೆ?

ಬಯಲುಸೀಮಿ ಹುಡುಗ:
ಮುಧೋಳ ಹತ್ತಿರ ತಿಮ್ಮಾಪುರದಾಗ ಶ್ವಾನ ಸಂಶೋಧನಾ ಕೇಂದ್ರ ಐತಿ, ಅಲ್ಲೇ ಕೇಳ್ರಿ. ದಾರಿಯೊಳಗ ಮಾರೂ ಮರಿ ತಗೋಬ್ಯಾಡ್ರಿ. 2005ರಾಗ ಅಂಚೆಚೀಟಿ ಮ್ಯಾಲೂ ಬಂದೈತಿ ನಮ್ಮ ನಾಯಿ. ಅಪಾರ್ಟ್‌ಮೆಂಟಿನ್ಯಾಗ ಮಾತ್ರ ಸಾಕಬ್ಯಾಡ್ರಿ, ಅದಕ್ಕ ಓಡಾಕ ಬಯಲ ಬೇಕು.

ಹಕ್ಕಿಲೋಕ:
ಮೂಲ ಪ್ರಶ್ನೆಗೆ ಬರೋಣ. ನಾನು ಶಾಲೆ ಮಕ್ಕಳನ್ನ ಹಕ್ಕಿ ನೋಡೋಕೆ ಕರ್ಕೊಂಡು ಹೋಗ್ತೀನಿ. ಕಾಯೋದು, ಗಾಳಿ ಯಾವ ಕಡೆಯಿಂದ ಬೀಸ್ತಿದೆ ನೋಡೋದು, ಹೆಜ್ಜೆ ಗುರುತು ಓದೋದು, ಸದ್ದಿಲ್ಲದೆ ನಡೆಯೋದು, ಬೇಟೆಗಾರನ ವಿದ್ಯೆ ಅಷ್ಟನ್ನೂ ಬೈನಾಕ್ಯುಲರ್ ಹಿಡಿದೇ ಕಲಿಯಬಹುದು. ಸಾಲಿಂ ಅಲಿ ಹುಡುಗನಾಗಿದ್ದಾಗ ಏರ್‌ಗನ್ನಲ್ಲಿ ಒಂದು ಗುಬ್ಬಿ ಹೊಡೆದರು. ಗಂಟಲ ಮೇಲೆ ಹಳದಿ ಮಚ್ಚೆ ಇತ್ತು. ಇದೆಂಥ ಗುಬ್ಬಿ ಅಂತ ಕೇಳೋಕೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಹುಡುಗನನ್ನ ಗದರಿಸಲಿಲ್ಲ, ಕಪಾಟು ತೆಗೆದು ಹಕ್ಕಿಗಳ ಸಂಗ್ರಹ ತೋರಿಸಿದರು. ದೇಶಕ್ಕೆ ಒಬ್ಬ ಪಕ್ಷಿವಿಜ್ಞಾನಿ ಸಿಕ್ಕಿದ್ದು ಹಾಗೆ.

ಮಲೆಗಾಳಿ:
ಅಂದ್ರೆ ಗುಬ್ಬಿ ಹೊಡೆದದ್ದರಿಂದಲೇ ಅಲ್ವಾ ಶುರುವಾಗಿದ್ದು? ನಿಮ್ಮ ಉದಾಹರಣೆ ನಿಮಗೇ ತಿರುಗಿತು.

ಹಳೇ ಈಡುಗಾರ:
ಅವರು ಆಮೇಲೂ ಹಕ್ಕಿ ಹೊಡೆದಿದ್ದಾರೆ, ಸಂಗ್ರಹಕ್ಕೆ. ಆ ಕಾಲದಲ್ಲಿ ಹಾಗೆಯೇ ಅಧ್ಯಯನ ಮಾಡ್ತಿದ್ದದ್ದು.

ಹಕ್ಕಿಲೋಕ:
ಹೌದು, ಅದು ಸರಿ, ಮುಚ್ಚಿಡಬಾರದು. ಆದ್ರೆ ನಾನು ಹೇಳಿದ್ದು ಮಿಲ್ಲಾರ್ಡ್ ಬಗ್ಗೆ. ಕುತೂಹಲ ಇಟ್ಕೊಂಡು ಬಂದ ಹುಡುಗನಿಗೆ ಕಪಾಟು ತೆಗೆದು ತೋರಿಸೋ ಒಬ್ಬ ದೊಡ್ಡವರು ಬೇಕು. ಗುಬ್ಬಿ ಸಾಯಲೇಬೇಕು ಅಂತಿಲ್ಲ. ಅರುಣಾಚಲದಲ್ಲಿ 2021ರಲ್ಲಿ ಏರ್‌ಗನ್ ಒಪ್ಪಿಸೋ ಅಭಿಯಾನ ಶುರು ಮಾಡಿದ್ರು, ಬೇಟೆ ಅಷ್ಟು ಗಾಢವಾಗಿ ಬೇರೂರಿದ ಊರುಗಳಲ್ಲೇ ಜನ ತಾವಾಗಿ ತಂದು ಕೊಟ್ಟರು.

ಹತ್ತು ಮೀಟರ್:
ಏರ್‌ಗನ್ ಅಂದ ಕೂಡಲೇ ಹಕ್ಕಿ ಹೊಡೆಯೋದು ಅಂದ್ಕೋಬೇಡಿ. ನನ್ನ ಮಗ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡ್ತಾನೆ. ಆ ಗುರಿಹಲಗೆಯ ನಡುವಿನ ಚುಕ್ಕೆ ಅರ್ಧ ಮಿಲಿಮೀಟರ್! 2008ರಲ್ಲಿ ಬೀಜಿಂಗ್‌ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದರಲ್ಲೇ. ಮೊದಲು ಸೇರಿಸಿದ ಕಡೆ ಮಕ್ಕಳು ರೈಫಲ್ ಹಿಡ್ಕೊಂಡು ಅತ್ತಿಂದಿತ್ತ ಓಡಾಡ್ತಿದ್ರು, ಒಬ್ಬರೂ ಕೇಳ್ತಿರಲಿಲ್ಲ, ಒಂದೇ ವಾರಕ್ಕೆ ಬಿಡಿಸಿದೆ. ಈಗಿನ ಕೋಚ್ ಮೊದಲ ಎರಡು ತಿಂಗಳು ಪೆಲೆಟ್ಟೇ (ಏರ್ ರೈಫಲ್ ಗುಂಡು) ಕೊಡಲಿಲ್ಲ. ಬರೀ ನಿಲ್ಲೋದು, ಉಸಿರು ಬಿಡೋದು, ಕೆಳಗಿಡೋದು. ಮಗ ಬೇಜಾರಾಗಿ ಅತ್ತ. ಈಗ ಅವನೇ ತಂಗಿಗೆ ಹೇಳ್ತಾನೆ, "ಗುರಿ ಅಲ್ಲಾಡ್ತಿಲ್ಲ, ನೀನು ಅಲ್ಲಾಡ್ತಿರೋದು" ಅಂತ. @ಕಾಫಿಹೂ ಬೆಂಗಳೂರಲ್ಲೇ ಇದ್ದೀರಲ್ಲ, ಮಗನಿಗೆ 12 ತುಂಬೋವರೆಗೆ ಹೋಗಿ ಕೂತು ನೋಡಲಿ.

ಹತ್ಮೀನು:
ಕೋವಿ ಇಲ್ಲದ ಮನೆಯವರು ನಾವು, ಶೃಂಗೇರಿ ಹತ್ರ. ನಮ್ಮ ಬೇಟೆ ಅಂದ್ರೆ ಏಡಿ, ಮೀನು. ಮೊದಲ ಮಳೆಗೆ ಹಳ್ಳ ತುಂಬಿ ಮೀನು ಗದ್ದೆ ಕಡೆ ಹತ್ತೋವಾಗ ಊರೆಲ್ಲ ಕತ್ತಿ, ಟಾರ್ಚು ಹಿಡ್ಕೊಂಡು ಹೋಗೋದು. ಆ ಮೀನಿನ ಹೊಟ್ಟೆ ತುಂಬ ಮೊಟ್ಟೆ. ನಾನು ಈಗ ಹೋಗಲ್ಲ, ಮಕ್ಕಳನ್ನೂ ಬಿಡಲ್ಲ. ಆದ್ರೆ ಏಡಿಗೆ ಕರ್ಕೊಂಡು ಹೋಗ್ತೀನಿ, ನಮ್ಮ ಗದ್ದೆ ಬದುವಿಗೆ.

ಏಡಿ ಹಿಡಿದ ತಕ್ಷಣ ಮಗುಚಿ ನೋಡಬೇಕು. ಹೊಟ್ಟೆಯ ಮುಚ್ಚಳ ಅಗಲ ಇದ್ರೆ ಹೆಣ್ಣು. ಒಂದು ಸಲ ಮಗಳು ಹಿಡಿದ ಏಡಿಯ ಮುಚ್ಚಳ ಮೆಲ್ಲ ಬಿಡಿಸಿ ತೋರಿಸಿದೆ. ಒಳಗೆ ಸಾಸಿವೆ ಕಾಳಿನ ಹಾಗೆ ಮರಿಗಳು, ನೂರಾರು, ಒಂದೊಂದಕ್ಕೂ ಕಾಲು ಕೊಂಬು ಎಲ್ಲ ಇದೆ, ಕಿಲಿಬಿಲಿ ಅಂತ ಅಲ್ಲಾಡ್ತಿದ್ವು. ಒಂದು ಅವಳ ಅಂಗೈಗೆ ಬಿತ್ತು. ಅದನ್ನ ಹುಲ್ಲುಕಡ್ಡಿಯಲ್ಲಿ ಎತ್ತಿ ತಾಯಿ ಹೊಟ್ಟೆಗೇ ಸೇರಿಸಿದಳು, ಐದು ನಿಮಿಷ ತಗೊಂಡಳು. ಅವತ್ತಿಂದ ನಾನು ಹೇಳದೇ ಇದ್ರೂ ಪ್ರತಿ ಏಡಿ ಮಗುಚಿ ನೋಡ್ತಾಳೆ. ಗಂಡು ನಾಲ್ಕು ಸಿಕ್ಕಿದ್ರೆ ಸಾಕು, ಮನೆಗೆ ಬಂದು ಚಟ್ನಿ.

ತುಂಬೆಗಿಡ:
@ಹತ್ಮೀನು ನಾನು ಏಡಿಯನ್ನೂ ತಿನ್ನಲ್ಲ, ಆದ್ರೆ ನಿಮ್ಮ ಮಗಳ ಹುಲ್ಲುಕಡ್ಡಿ ಓದಿ ಕಣ್ಣು ತುಂಬಿತು. ನನ್ನ ವಾದ ಬಿಡಲ್ಲ. ಚಟ್ನಿಗೆ ಹೋದ ಆ ನಾಲ್ಕು ಏಡಿ ಬಗ್ಗೆಯೂ ಮಗಳು ಒಂದು ದಿನ ಕೇಳ್ತಾಳೆ.

ಹತ್ಮೀನು:
ಕೇಳಲಿ. ಆಗ ಅವಳು ತಿನ್ನೋದು ಬಿಟ್ರೆ ಬಿಡಲಿ, ನಾನು ಒತ್ತಾಯ ಮಾಡಲ್ಲ. ಅಂಗಡಿಯಿಂದ ಕವರಲ್ಲಿ ಕೋಳಿ ತಂದು ತಿನ್ನೋ ಮಗುವಿಗೆ ಆ ಪ್ರಶ್ನೆ ಹುಟ್ಟೋದೇ ಕಷ್ಟ.

ಕಡಲತಡಿ:
ಇದು ಒಳ್ಳೆ ಮಾತು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ದೊಡ್ಡ ಬೋಟ್ ಕಡಲಿಗೆ ಇಳಿಯೋ ಹಾಗಿಲ್ಲ, ಮೀನು ಮೊಟ್ಟೆ ಇಡೋ ಕಾಲ ಅಂತ. ಆ ಎರಡು ತಿಂಗಳು ಮನೇಲಿ ದುಡ್ಡಿಗೆ ಕಷ್ಟ. ಬಂದರಲ್ಲಿ ಸಾಲಾಗಿ ಕಟ್ಟಿದ ಬೋಟ್ ನೋಡಿ ನಮ್ಮ ಮಕ್ಕಳು ಯಾಕೆ ಅಂತ ಕೇಳ್ತಾರೆ, ನಾವು ಹೇಳ್ತೀವಿ.

ಮಲೆಗಾಳಿ:
ಇಷ್ಟೆಲ್ಲ ಆದ ಮೇಲೆ ನಮ್ಮ ಕಡೆ ಕಷ್ಟ ಒಂದು ಹೇಳ್ತೀನಿ. ಚುನಾವಣೆ ಬಂತು ಅಂದ್ರೆ ಕೋವಿ ಠಾಣೆಗೆ ಠೇವಣಿ ಇಡಿ ಅಂತಾರೆ. ಅಷ್ಟರಲ್ಲಿ ಹಂದಿ, ಮಂಗ ಸೇರಿ ತೋಟ ಮುಗಿಸಿರ್ತವೆ. ಬೆಳೆ ಹೋದವನ ಮಗನಿಗೆ ಹಂದಿ ಮೇಲೆ ಗೌರವ ಕಲಿಸಿ ನೋಡೋಣ.

ಕಪ್ಪುಕೋಟು:
ಕಷ್ಟ ನಿಜ. ಪರಿಹಾರದ ಅರ್ಜಿ ಹಾಕಿ, ಪಂಚನಾಮೆ ಮಾಡಿಸಿ. ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ವಿವರವಾಗಿ ಬರೀತೀನಿ.

ಕಾಫಿಹೂ:
ಸೆಪ್ಟೆಂಬರ್ 4. ನಿನ್ನೆ ಹಬ್ಬ ಆಯ್ತು, ಹೇಗಾಯ್ತು ಅಂತ ಬರೀತಿದ್ದೀನಿ.

ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. 12ರ ಮಾತು ಕೇಳಿ ಮುಖ ಸಣ್ಣ ಮಾಡಿಕೊಂಡ್ರು, ಆದ್ರೆ ಒಪ್ಪಿದ್ರು. ಹಬ್ಬದ ಹಿಂದಿನ ದಿನ ಬೆಳಗ್ಗೆ 5 ಗಂಟೆಗೆ ಮಗನನ್ನೂ ಅಣ್ಣನ ಮಗಳನ್ನೂ ಎಬ್ಬಿಸಿ ಗದ್ದೆ ಕಡೆ ಕರ್ಕೊಂಡು ಹೋದ್ರು. ಫೋನ್ ಇಲ್ಲ, ಮಾತಿಲ್ಲ. ಜಿಗಣೆ ಕಚ್ಚಿದರೂ ಕೂಗೋ ಹಾಗಿಲ್ಲ. ಬದುವಿನಲ್ಲಿ ಹಂದಿ ಮಣ್ಣು ಕೆದಕಿ ಹೋಗಿತ್ತು. ಗೊರಸಿನ ಗುರುತಿಗೆ ನೀರು ಇನ್ನೂ ಪೂರ್ತಿ ಇಳಿದಿರಲಿಲ್ಲ, ಅಂದ್ರೆ ಈಗಷ್ಟೇ ಹೋಗಿದೆ ಅಂತ ಅಪ್ಪ ತೋರಿಸಿದ್ರಂತೆ. ಮಗ ಆ ಗುರುತಿನೊಳಗೆ ಬೆರಳಿಟ್ಟು ನೋಡಿದ್ದಾನೆ. ಪಕ್ಕದಲ್ಲೇ ಪುಟ್ಟ ಪುಟ್ಟ ಗೊರಸು, ಏಳೋ ಎಂಟೋ ಮರಿಗಳದ್ದು. ಮನೆಗೆ ಬಂದವನು ನನ್ನ ಹತ್ರ ಮರಿಗಳ ಲೆಕ್ಕವನ್ನೇ ಹೇಳಿದ, ಹಂದಿ ಯಾವಾಗ ಹೊಡೆಯೋದು ಅಂತ ಕೇಳಲಿಲ್ಲ.

ಮಧ್ಯಾಹ್ನ ಪೂರ್ತಿ ಇಬ್ಬರಿಗೂ ಖಾಲಿ ಕೋವಿ ಒರೆಸೋ ಕೆಲಸ. ಒಬ್ಬರು ಇನ್ನೊಬ್ಬರಿಗೆ ಕೊಡುವಾಗ ಮುರಿದು, ನಳಿಗೆಯೊಳಗೆ ಬೆಳಕು ತೋರಿಸಿ "ಖಾಲಿ" ಅನ್ನಬೇಕು, ತಗೊಳ್ಳೋರು ತಾವೇ ನೋಡಿ "ಖಾಲಿ" ಅನ್ನಬೇಕು. ಮಗ ಒಂದು ಸಲ ನೋಡದೇ ಹೇಳಿದ. ಅಪ್ಪ ಕೋವಿ ವಾಪಸ್ ತಗೊಂಡು ಒಂದು ಗಂಟೆ ಕೊಡಲಿಲ್ಲ. ಹೆಂಡತಿ ಅಡುಗೆಮನೆಯಿಂದ ಎಲ್ಲ ನೋಡ್ತಿದ್ದಳು. ರಾತ್ರಿ ಅವಳೇ ಹೋಗಿ ಮಾವನ ಹತ್ರ "ನನಗೂ ಮುರಿಯೋದು ತೋರಿಸಿ" ಅಂದಳು.

ಹಬ್ಬದ ದಿನ ತೋಕ್ ಪೂ ಸಿಕ್ಕಿಸಿದ್ದು ಮಗ. ತೆಂಗಿನಕಾಯಿ ಒಡೆದದ್ದು ನಮ್ಮ ಚಿಕ್ಕಮ್ಮ, ಮೂರನೇ ಈಡಿಗೆ. ಅಣ್ಣನ ಮಗಳು 14, ಆದ್ರೆ ಮೈದಾನದ ಗಲಾಟೆಯಲ್ಲಿ ಬೇಡ, ಮೊದಲು ಸರಿಯಾದ ಕಡೆ ಕಲಿಯಲಿ ಅಂತ ಅಪ್ಪನೇ ತಡೆದ್ರು. @ಹತ್ತು ಮೀಟರ್ ಅವರೇ, ನಿಮಗೆ ಮೆಸೇಜ್ ಮಾಡ್ತೀನಿ. ಖಾಲಿ ತೋಟಾ ಒಂದನ್ನ ಅಪ್ಪ ಮಗನ ಕೈಗೆ ಕೊಟ್ರು. ಇನ್ನೂ ಬಿಸಿ ಇತ್ತು. ಮೂಸಿ ನೋಡಿ ಜೇಬಿಗೆ ಹಾಕಿಕೊಂಡ.

ಪೊನ್ನಂಪೇಟೆಯವಳು:
ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸಿ! ಕಡಂಬುಟ್ಟು ಪಂದಿಕರಿ (ಅಕ್ಕಿ ಕಡುಬು, ಹಂದಿ ಸಾರು) ಬಗ್ಗೆ ಒಂದು ಮಾತೂ ಬರೆದಿಲ್ಲ, ಅದು ಸರಿಯಲ್ಲ.

ಹಳೇ ಈಡುಗಾರ:
ಒಂದು ಗಂಟೆ ವಾಪಸ್ ತಗೊಂಡದ್ದು ಬಹಳ ಸರಿಯಾಯ್ತು.

ಕಪ್ಪುಕೋಟು:
ಎಲ್ಲ ಚೆನ್ನಾಗಾಯ್ತು, ಸಂತೋಷ. ಆ ಖಾಲಿ ತೋಟಾ ಮಾತ್ರ ಮಗನ ಶಾಲೆ ಬ್ಯಾಗಿಗೆ ಅಥವಾ ಪ್ರಯಾಣದ ಬ್ಯಾಗಿಗೆ ಸೇರದ ಹಾಗೆ ನೋಡ್ಕೊಳ್ಳಿ. ಏರ್‌ಪೋರ್ಟ್ ತಪಾಸಣೆಯಲ್ಲಿ ಸಿಕ್ಕಿದ್ರೆ ಖಾಲಿ ಆದ್ರೂ ಕೇಸ್ ಆಗಬಹುದು.

ಕಾಫಿಹೂ:
ಹೌದಾ! ಈಗಲೇ ಹೇಳ್ತೀನಿ. ಹೊರಡೋ ಮುಂಚೆ ಅವನ ಕೈಯಿಂದಲೇ ತಾತನ ಪೆಟ್ಟಿಗೆಗೆ ಹಾಕಿಸ್ತೀನಿ.